ಕಾಗದದ ಮೇಲಿನ ವೇಗ



ಹೋದ ತಿಂಗಳ ಮಾತಿನಲ್ಲಿ ನನ್ನದೊಂದು ತಪ್ಪು ನುಸುಳಿತ್ತು. ಅದನ್ನು ಒಪ್ಪಿಕೊಂಡೇ ಇವತ್ತು ಶುರು ಮಾಡುತ್ತೇನೆ. 2017ರ ಮಾರ್ಚ್‌ನಲ್ಲಿ ನಮ್ಮ ಮುಂಬಯಿಯ ಮರೀನ್ ಡ್ರೈವ್ ಎದುರಿನ ಕಡಲಲ್ಲಿ ಪವರ್‌ಬೋಟ್ ರೇಸ್ ನಡೆದಿತ್ತು, ನಿಮ್ಮಲ್ಲಿ ಕೆಲವರಾದರೂ ಕಟ್ಟೆಯ ಮೇಲೆ ಕೂತು ನೋಡಿರುತ್ತೀರಿ. ಅದನ್ನು ನೆನಪಿಸಿಕೊಳ್ಳುತ್ತಾ, ಇಂಥ ಬೋಟಿನ ವೇಗ ತಿಳಿಯುವುದು ಬಹಳ ಸುಲಭ ಎಂದು ಒಂದು ಲೆಕ್ಕ ಹೇಳಿದ್ದೆ.

ಲೆಕ್ಕ ಹೀಗಿತ್ತು. ಎಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗುತ್ತದೆ. ಗೇರ್ ಅದನ್ನು ಅರ್ಧ ಮಾಡಿ ಪ್ರೊಪೆಲರ್‌ಗೆ 3,000 ಸುತ್ತು ಕೊಡುತ್ತದೆ. ಪ್ರೊಪೆಲರ್‌ನ ಪಿಚ್ 26 ಇಂಚು. ಪಿಚ್ ಎಂದರೆ, ಮರದಲ್ಲಿ ಸ್ಕ್ರೂ ಹೊಕ್ಕ ಹಾಗೆ ಪ್ರೊಪೆಲರ್ ಹೊಕ್ಕರೆ ಒಂದು ಸುತ್ತಿಗೆ ಎಷ್ಟು ಮುಂದೆ ಹೋಗಬೇಕೋ ಅಷ್ಟು. ಗುಣಿಸಿದರೆ ನಿಮಿಷಕ್ಕೆ 78,000 ಇಂಚು, ಅಂದರೆ 6,500 ಅಡಿ. ಗಂಟೆಗೆ ಸುಮಾರು 119 ಕಿಲೋಮೀಟರ್. "ಇದೇ ಬೋಟಿನ ವೇಗ" ಎಂದು ಹೇಳಿ ಹಾಡು ಹಾಕಿಬಿಟ್ಟೆ.

ಹಾಡು ಮುಗಿಯುವ ಮೊದಲೇ ಫೋನ್. ಕುಂದಾಪುರದ ಕಡೆಯವರು, ಸಸೂನ್ ಡಾಕ್ ಬಳಿ ಬೋಟಿನ ಎಂಜಿನ್ ರಿಪೇರಿ ಮಾಡುವ ಹಿರಿಯರು. "ನೀವು ಹೇಳಿದ್ದು ಕಾಗದದ ಸ್ಪೀಡು ಮಾರಾಯ್ರೆ, ನೀರು ಮರ ಅಲ್ಲ" ಎಂದರು. ನಾನು ಓದಿದ್ದು ಕನ್ನಡ ಬಿ.ಎ. ಛಂದಸ್ಸಿನ ಮಾತ್ರೆ ಎಣಿಸುತ್ತೇನೆ, ಬೋಟಿನ ಸುತ್ತು ಎಣಿಸಿದವನಲ್ಲ. ಮುಂದಿನ ಭಾನುವಾರ ಅವರ ಅಂಗಡಿಗೇ ಹೋದೆ.

ಅವರು ಪ್ರೊಪೆಲರ್‌ಗೆ ಫ್ಯಾನು ಎನ್ನುತ್ತಾರೆ. ಫ್ಯಾನು ತಿರುಗಿದಾಗ ನೀರು ಹಿಂದಕ್ಕೆ ಸರಿಯುತ್ತದೆ. ಹಾಗಾಗಿ ಒಂದು ಸುತ್ತಿಗೆ ಬೋಟು 26 ಇಂಚು ಪೂರ್ತಿ ಹೋಗುವುದಿಲ್ಲ, ಸ್ವಲ್ಪ ಕಡಿಮೆ ಹೋಗುತ್ತದೆ. ಈ ಕೊರತೆಗೆ ಸ್ಲಿಪ್ ಎಂದು ಹೆಸರು. ನನ್ನ ಲೆಕ್ಕದ ಬೋಟು ನಿಜವಾಗಿ 107 ಕಿಲೋಮೀಟರ್ ಹೋದರೆ ಸ್ಲಿಪ್ ನೂರಕ್ಕೆ ಹತ್ತು. ಹಗುರವಾದ ರೇಸ್ ಬೋಟುಗಳಲ್ಲಿ ಅದರ ಆಸುಪಾಸು, ಕೆಲವೊಮ್ಮೆ ಇನ್ನೂ ಕಡಿಮೆ. ಭಾರ ಹೊತ್ತ ಬೋಟಿನಲ್ಲಿ ಇಪ್ಪತ್ತು, ಮೂವತ್ತು ಆಗುವುದೂ ಉಂಟು. ತಳಕ್ಕೆ ಪಾಚಿ, ಚಿಪ್ಪು ಅಂಟಿದರೆ, ಫ್ಯಾನಿನ ಎಲೆ ಬಾಗಿದರೆ ಇನ್ನಷ್ಟು ಏರುತ್ತದೆ.

"ಹಾಗಾದರೆ ಸ್ಲಿಪ್ ಸೊನ್ನೆ ಮಾಡಿಬಿಟ್ಟರೆ?" ಎಂದು ಕೇಳಿದೆ. ಅವರು ನಕ್ಕರು. ನೀರನ್ನು ಹಿಂದಕ್ಕೆ ನೂಕುವುದರಿಂದಲೇ ಬೋಟು ಮುಂದಕ್ಕೆ ಹೋಗುವುದು. ನೀರು ಒಂದಿಷ್ಟೂ ಹಿಂದೆ ಸರಿಯದಿದ್ದರೆ ನೂಕೂ ಇಲ್ಲ. ಬೋಟನ್ನು ಧಕ್ಕೆಗೆ ಹಗ್ಗದಿಂದ ಕಟ್ಟಿ ಗೇರ್ ಹಾಕಿದರೆ ಅದು ಇದ್ದಲ್ಲೇ ಇರುತ್ತದೆ, ಆಗ ಸ್ಲಿಪ್ ನೂರಕ್ಕೆ ನೂರು. ಆದರೂ ಹಗ್ಗ ಹರಿಯುವಷ್ಟು ಬಿಗಿದಿರುತ್ತದಲ್ಲ! ಅಂದರೆ ಸ್ಲಿಪ್ ಎಂದ ಕೂಡಲೇ ಅಷ್ಟೂ ದಂಡ ಎಂದುಕೊಳ್ಳಬಾರದು. ನನಗೆ ಇದು ತಲೆಗೆ ಹೋಗಲು ಎರಡು ಚಹಾ ಬೇಕಾಯಿತು.

ಕಾಗದದ ವೇಗ ನಂಬಿ ಕೈ ಸುಟ್ಟುಕೊಂಡ ಹುಡುಗನೊಬ್ಬನ ಕಥೆಯನ್ನೂ ಅವರು ಹೇಳಿದರು. ಸಾಲ ಮಾಡಿ ಸ್ಪೀಡ್‌ಬೋಟ್ ಕೊಂಡಿದ್ದ. ಪಿಚ್ ಹೆಚ್ಚಾದರೆ ವೇಗವೂ ಹೆಚ್ಚು ಎಂದು ಲೆಕ್ಕ ಹಾಕಿ, ದೊಡ್ಡ ಪಿಚ್ಚಿನ ಫ್ಯಾನಿಗೆ ಮತ್ತೆ ದುಡ್ಡು ಸುರಿದ. ಬೋಟು ಮೊದಲಿಗಿಂತ ನಿಧಾನವಾಯಿತು. ಯಾಕೆಂದು ನನ್ನ ಲೆಕ್ಕದ ಬೋಟಿಗೇ ಹಚ್ಚಿ ನೋಡಿ. 26ರ ಬದಲು 30 ಇಂಚಿನ ಫ್ಯಾನು ಹಾಕಿದರೆ ಕಾಗದದ ಮೇಲೆ 137 ಕಿಲೋಮೀಟರ್. ಆದರೆ ಅಷ್ಟು ಭಾರ ಎಳೆಯಲಾರದೆ ಎಂಜಿನ್ 5,000 ಸುತ್ತಿಗೇ ನಿಂತಿತು ಅನ್ನಿ. ಆಗ ಕಾಗದದಲ್ಲೇ 114. ಹತ್ತು ಪಾಲು ಸ್ಲಿಪ್ ಕಳೆದರೆ 103. ಹಳೆಯ ಫ್ಯಾನಿನಲ್ಲೇ 107 ಬರುತ್ತಿತ್ತು! ಮೇಲಾಗಿ ಏದುಸಿರು ಬಿಟ್ಟು ಓಡುವ ಎಂಜಿನ್ ಬೇಗ ಕೆಡುತ್ತದೆ. ಆ ಹುಡುಗ ಹಳೆಯ ಫ್ಯಾನನ್ನು ಅಷ್ಟರಲ್ಲಿ ಮಾರಿಬಿಟ್ಟಿದ್ದನಂತೆ.

ಇನ್ನೊಂದು ತಮಾಷೆ ಇದೆ. ಕೆಲವರು ತಮ್ಮ ಬೋಟು ಕಾಗದದ ಲೆಕ್ಕಕ್ಕಿಂತ ಜೋರಾಗಿ ಹೋಯಿತು ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಾರೆಂದಲ್ಲ. ಜಿಪಿಎಸ್ ತೋರಿಸುವುದು ನೆಲದ ಮೇಲಿನ ವೇಗ, ಸ್ಲಿಪ್ಪಿನ ಲೆಕ್ಕ ನೀರಿನದು. ಇಳಿತದ ನೀರು ಬೋಟನ್ನು ಜೊತೆಗೆ ಒಯ್ದಿದ್ದರೆ ಅದೂ ವೇಗಕ್ಕೆ ಸೇರಿಹೋಗುತ್ತದೆ. ಎಲೆಯ ಅಂಚನ್ನು ಸ್ವಲ್ಪ ಬಗ್ಗಿಸಿದ್ದರೆ ನಿಜವಾದ ಪಿಚ್ ಫ್ಯಾನಿನ ಮೇಲೆ ಕೊರೆದ ಅಂಕಿಗಿಂತ ಹೆಚ್ಚಿರುತ್ತದೆ. ಗೇರ್ ಅನುಪಾತವನ್ನೇ ತಪ್ಪಾಗಿ ತಿಳಿದಿರುವವರೂ ಇದ್ದಾರೆ.

ಅದಕ್ಕೇ ದಾಖಲೆಯ ವೇಗ ಅಳೆಯುವಾಗ ಬೋಟು ಒಂದು ಸಲ ಅತ್ತ, ಒಂದು ಸಲ ಇತ್ತ ಓಡಿ, ಎರಡರ ಸರಾಸರಿ ಹಿಡಿಯುವುದು. 1950ರ ಜೂನ್‌ನಲ್ಲಿ ಅಮೆರಿಕದ ಸಿಯಾಟಲ್‌ನ ವಾಷಿಂಗ್ಟನ್ ಸರೋವರದಲ್ಲಿ ಸ್ಲೋ-ಮೋ-ಶುನ್ 4 ಎಂಬ ಬೋಟು ಹೀಗೆ ಗಂಟೆಗೆ 160.323 ಮೈಲಿ, ಅಂದರೆ ಸುಮಾರು 258 ಕಿಲೋಮೀಟರ್ ವೇಗ ದಾಖಲಿಸಿತು. 1939ರಲ್ಲಿ ಮಾಲ್ಕಂ ಕ್ಯಾಂಪ್‌ಬೆಲ್ ಮಾಡಿದ್ದ ದಾಖಲೆ ಸುಮಾರು 228 ಕಿಲೋಮೀಟರ್. ಹೆಸರು ನೋಡಿ, ಸ್ಲೋ ಮೋಷನ್! ಅದರ ಗುಟ್ಟು ಫ್ಯಾನಿನಲ್ಲೇ ಇತ್ತು. ಓಡುವಾಗ ಫ್ಯಾನಿನ ಅರ್ಧ ಭಾಗ ನೀರಿನ ಮೇಲೆ, ಅರ್ಧ ಒಳಗೆ. ಬೋಟಿನ ಮೈ ನೀರಿಗೆ ತಾಗುತ್ತಿದ್ದುದೂ ಮುಂದಿನ ಎರಡು ಕಡೆ ಮಾತ್ರ, ಹಿಂದೆ ಫ್ಯಾನೇ ಆಸರೆ. ತಳ ನೀರಿಗೆ ಉಜ್ಜುವುದು ತಪ್ಪಿತು, ಅಷ್ಟರ ಮಟ್ಟಿಗೆ ವೇಗ ಉಳಿಯಿತು.

ಆ 119ಕ್ಕೆ ಈಗ ಏನು ಹೇಳಲಿ ಎಂದು ಹೊರಡುವ ಮುಂಚೆ ಹಿರಿಯರನ್ನೇ ಕೇಳಿದೆ. "ಬೋಟನ್ನು ಎರಡೂ ಕಡೆಗೆ ಓಡಿಸಿ ನೋಡಿ, ಆಮೇಲೆ ಹೇಳಿ" ಎಂದರು. ನನ್ನ ಬಳಿ ಬೋಟಿಲ್ಲ. ಆದ್ದರಿಂದ ಹೋದ ತಿಂಗಳ ಸಂಚಿಕೆ ಎತ್ತಿಟ್ಟುಕೊಂಡವರು ದಯವಿಟ್ಟು ಆ ಅಂಕಿಯ ಪಕ್ಕದಲ್ಲಿ 'ಕಾಗದದ ಮೇಲೆ' ಎಂದು ಬರೆದುಕೊಳ್ಳಿ.