ನೀಲಗಿರಿ ಸಾಹೇಬನ ರೊಕ್ಕ, ನಮ್ಮ ಬಸವಪುರಾಣ

ನಮ್ಮ ಅತನೂರ ಸೀಮಿಯಾಗ ಎತ್ತ ನೋಡಿದ್ರೂ ಎರಿ ಹೊಲ, ತೊಗರಿ. ಇವತ್ತು ಹೇಳೂದು ಮಾತ್ರ ನೀಲಗಿರಿ ಗುಡ್ಡದ ಕಥಿ. ಯಾಕಂದ್ರ ಅಲ್ಲಿ ಯೇಸುವಿನ ಸುವಾರ್ತೆ ಸಾರಲಾಕ ಕೊಟ್ಟ ಕೈಯೇ ನಮ್ಮ ಬಸವಪುರಾಣದ ಅಚ್ಚಿಗೂ ರೊಕ್ಕ ಕೊಟ್ಟದ.

ಊಟಿ, ಕೂನೂರಿನ ನಡುವ ಕೇತಿ ಅಂತ ಕಣಿವಿ ಅದ. 1840ರ ದಶಕದಾಗ ಕ್ಯಾಸಮೇಜರ್ ಅನ್ನೋ ನಿವೃತ್ತ ಜಡ್ಜ್ ಸಾಹೇಬ ಅಲ್ಲಿ ಬಂದು ನೆಲಿಸಿದ. ಸುತ್ತ ಹಟ್ಟಿಗಳಾಗ ಬಡಗರು. ಅವರ ಮಾತು ಕನ್ನಡಕ್ಕ ಭಾಳ ಹತ್ರ. ಸಾಹೇಬ ಬಡಗರ ಹುಡುಗರಿಗೆ ಸಾಲಿ ತೆಗೆದ. 1846ರಾಗ ಬಾಸೆಲ್ ಮಿಶನ್ನಿನ ಪಾದ್ರಿ ವೈಗ್ಲೆ ಅಲ್ಲಿಗೆ ಬಂದ. ಹಟ್ಟಿ ಹಟ್ಟಿ ತಿರುಗೂದು, ಕನ್ನಡದಾಗ ಬೋಧಿಸೂದು. ಆದ್ರ ಓದಲಾಕ ಬರದವರ ಕೈಯಾಗ ಪುಸ್ತಕ ಇಟ್ರ ಏನು ಬಂತು? ಅದಕ್ಕ ಸಾಲಿ ಬೇಕೇ ಬೇಕಿತ್ತು.

ಫಲ ಏನಾತು? ಮೊದಲನೇ ಬಡಗ ದೀಕ್ಷಾಸ್ನಾನ ತಗೊಂಡದ್ದು 1858ರಾಗ, ಹನ್ನೆರಡು ವರ್ಷಕ್ಕ! ಬಡಗ ಮಾತಿನಾಗ ಲೂಕನ ಸುವಾರ್ತೆ ಕನ್ನಡ ಲಿಪಿಯಾಗ ಅಚ್ಚಾದದ್ದು 1890ಕ್ಕ. ಬಡಗರಾಗ ಹೆಚ್ಚಿನವರು ಇವತ್ತಿಗೂ ತಮ್ಮ ದೇವಿ ಹೆತ್ತೆಯ ಹಬ್ಬ ಮಾಡೋ ಹಿಂದೂಗಳೇ.

ಈಗ ಗುಡ್ಡ ಇಳಿದು ಮಂಗಳೂರಿಗೆ ಬರ್ರಿ. 1841ರಿಂದ ಅಲ್ಲಿ ಮಿಶನ್ನಿನ ಕಲ್ಲಚ್ಚು ನಡೆದಿತ್ತು. ಮಂಗಳೂರ ಸಮಾಚಾರ 1843ರ ಜುಲೈ 1ಕ್ಕ ಹೊಂಟದ್ದು ಅಲ್ಲಿಂದನೇ. ಕಲ್ಲಚ್ಚಿನಾಗ ಮೊಳೆ ಜೋಡಿಸೂದಿಲ್ರಿ. ಜಿಡ್ಡಿನ ಮಸಿಲೆ ಬರೆದದ್ದು ಕಲ್ಲಿಗೆ ಇಳಿಸ್ತಾರ, ನೀರು ಸವರಿ ಮಸಿ ಹಚ್ತಾರ. ಅಕ್ಷರ ಇದ್ದಲ್ಲಷ್ಟೇ ಮಸಿ ಹಿಡೀತದ. ಹಂಗಾಗಿ ಪುಟದ ಮ್ಯಾಲ ಬರೆದವನ ಕೈಬರಹನೇ ಕಾಣ್ತದ.

ಆ ಮಿಶನ್ನಿನ ಹರ್ಮನ್ ಮೋಗ್ಲಿಂಗ್‌ಗೆ ಕನ್ನಡದ ಹಳೇ ಕಾವ್ಯ ಅಚ್ಚು ಹಾಕೋ ಹುಚ್ಚು. ರೊಕ್ಕ ಕೊಟ್ಟವನು ಕೇತಿಯ ಕ್ಯಾಸಮೇಜರ್. 1849ರಾಗ ಆತ ತೀರಿಕೊಂಡ, ಕೆಲಸ ನಿಲ್ಲಲಿಲ್ಲ. 1848ರಿಂದ 1853ರ ತನಕ ಬಿಬ್ಲಿಯೊಥೆಕಾ ಕರ್ನಾಟಿಕಾ ಮಾಲಿಕಿಯಾಗ ಜೈಮಿನಿ ಭಾರತ, ಭೀಮಕವಿ 1369ರಾಗ ಬರೆದ ಬಸವಪುರಾಣ, ಚೆನ್ನಬಸವಪುರಾಣ, ದಾಸರ ಪದ ಎಲ್ಲಾ ಹೊರಬಂದವು.

ಬಸವಣ್ಣನ ಮ್ಯಾಲಿನ ಭಕ್ತಿಗೆ ಮಾಡಿದ್ರು ಅಂತ ತಿಳೀಬ್ಯಾಡ್ರಿ. ಮಂದಿ ಮನಸ್ಸು ತಿರುಗಿಸಬೇಕಾದ್ರ ಅವರು ಏನು ಹಾಡ್ತಾರ, ಏನು ನಂಬ್ತಾರ ಗೊತ್ತಿರಬೇಕಲ್ಲ? ಮೂರ್ತಿಪೂಜಿ ಬೈಯೋ ಸಣ್ಣ ಪುಸ್ತಕಾನೂ ಮಿಶನ್ನಿನವರು ಹಂಚಿದ್ರು. ಅವನ್ನ ಈಗ ಯಾರು ಓದ್ತಾರ? ಕಾವ್ಯ ಉಳಿದವು. ಮೋಗ್ಲಿಂಗ್‌ಗೆ ಟ್ಯೂಬಿಂಗನ್ ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಟ್ಟದ್ದೂ ಕನ್ನಡದ ಕೆಲಸಕ್ಕೇ, ಅದೂ ಅದೇ 1858ರಾಗ.

ಆಳಂದ, ಅಫಜಲಪುರ, ಜೇವರ್ಗಿ ಕಡಿ ಮಠದಾಗ, ಮನಿ ಅಟ್ಟದ ಮ್ಯಾಲ ಹಿಂಥ ಕಲ್ಲಚ್ಚಿನ ಪುಸ್ತಕ ಸಿಕ್ರ ರದ್ದಿಗೆ ಹಾಕಬ್ಯಾಡ್ರಿ. ಗುಲಬರ್ಗಾ ವಿಶ್ವವಿದ್ಯಾಲಯದ ಕನ್ನಡ ವಿಭಾಗದವರಿಗೆ ಒಮ್ಮೆ ತೋರಿಸ್ರಿ.