ಸಮುದ್ರ ಇಲ್ಲದ ಹಂಪಿಯಲ್ಲಿ ಹಡಗಿನ ಕಥೆ

ಲೈಟ್‌ಹೌಸ್, ಹಡಗಿನ ಮ್ಯೂಸಿಯಂ ನೋಡ್ಬೇಕು ಅಂದ್ರೆ ಎಲ್ಲರೂ ಕರಾವಳಿ ಬಸ್ ಹತ್ತುತ್ತಾರೆ. ನಾನು ಹೊಸಪೇಟೆಯಲ್ಲಿ ಇಳೀರಿ ಅಂತೀನಿ. ಇಲ್ಲಿ ಸಮುದ್ರ ಇಲ್ಲ, ನಿಜ. ಆದ್ರೆ ಸಮುದ್ರದ ಕಥೆ ಇದೆ.

ವಿಜಯನಗರದ ಸೈನ್ಯಕ್ಕೆ ಒಳ್ಳೆ ಕುದುರೆ ಬರ್ತಿದ್ದದ್ದು ಹಡಗಿನಲ್ಲಿ. ಅರೇಬಿಯಾ, ಪರ್ಷಿಯಾ ಕಡೆಯಿಂದ ಭಟ್ಕಳದಂಥ ಬಂದರಿಗೆ, ಅಲ್ಲಿಂದ ಘಟ್ಟ ಹತ್ತಿ ರಾಜಧಾನಿಗೆ. ಹಂಪಿಯ ಮಹಾನವಮಿ ದಿಬ್ಬದ ಗೋಡೆ ಹತ್ತಿರದಿಂದ ನೋಡಿ: ಸಾಲು ಸಾಲು ಕುದುರೆ, ಜೊತೆಗೆ ವಿದೇಶಿಯರು. ಆಮೇಲೆ ಕಮಲಾಪುರದ ಮ್ಯೂಸಿಯಂಗೆ ಹೋಗಿ. ಅಂಗಳದಲ್ಲಿ ಇಡೀ ಹಂಪಿಯ ಮಾದರಿ ಇದೆ. ಊರು ಹೊಳೆಗೆ ಎಷ್ಟು ಅಂಟಿಕೊಂಡಿತ್ತು ಅಂತ ಒಂದೇ ನೋಟಕ್ಕೆ ತಿಳಿಯುತ್ತೆ.

ಆ ಹೊಳೆ ದಾಟಿಸ್ತಿದ್ದದ್ದು ಹರಿಗೋಲು. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯಸ್ ಇದನ್ನ ಬರೆದಿಟ್ಟಿದ್ದಾನೆ: ಬುಟ್ಟಿ ಥರ ದುಂಡಗೆ, ಒಳಗೆ ಬೆತ್ತ, ಹೊರಗೆ ಚರ್ಮ, 15–20 ಜನ ಕೂರಬಹುದು. 500 ವರ್ಷ ಆಯ್ತು. ಚರ್ಮ ಹೋಗಿ ಪ್ಲಾಸ್ಟಿಕ್ ಹಾಳೆ ಬಂದಿದೆ, ಆಕಾರ ಮಾತ್ರ ಅದೇ.

ಇದು ಗಾಜಿನ ಪೆಟ್ಟಿಗೆಯೊಳಗಿನ ವಸ್ತು ಅಲ್ಲ, ಕೆಲವು ಮನೆಗಳ ಅನ್ನ. ಟಿಬಿ ಡ್ಯಾಂ ತುಂಬಿ ಗೇಟ್ ತೆರೆದ್ರೆ ಹೊಳೆ ಉಕ್ಕುತ್ತೆ, ಹರಿಗೋಲು ದಡ ಸೇರುತ್ತೆ, ಅವತ್ತಿನ ದುಡಿಮೆ ನಿಂತುಹೋಗುತ್ತೆ. ಅದಕ್ಕೇ ನೀರು ತಣ್ಣಗಿರುವಾಗ ಹೋಗಿ, ಲೈಫ್ ಜಾಕೆಟ್ ಕೇಳಿ ಹಾಕ್ಕೊಳ್ಳಿ, ಚೌಕಾಸಿ ಕಮ್ಮಿ ಮಾಡಿ. ಹುಟ್ಟು ಹಾಕೋರು "ಇವತ್ತು ಬ್ಯಾಡ್ರಿ" ಅಂದ್ರೆ ಒತ್ತಾಯ ಮಾಡ್ಬೇಡಿ. ಹೊಳೆ ಅವರಿಗೆ ಗೊತ್ತು.