ಹಾಡು ಬರೆದವನು ಚರ್ಚಿಗೆ ಬರಲಿಲ್ಲ



ಭಾನುವಾರ ಆರಾಧನೆ ಮುಗಿದು ಜನ ಹೊರಬರುವಾಗ ಚರ್ಚಿನ ಬಾಗಿಲಲ್ಲಿ ಸಭಾಪಾಲಕರು ನಿಂತಿರುತ್ತಾರೆ. ‘ಹೇಗಿದ್ದೀರಮ್ಮಾ?’ ‘ದೇವರ ಕೃಪೆ, ಚೆನ್ನಾಗಿದ್ದೀವಿ ಅಯ್ಯನವರೇ.’ ಪ್ರಾರ್ಥನೆಗೆ ಕೋರಿಕೆ ಕೇಳಿದಾಗ ಮೊಣಕಾಲಿನ ಆಪರೇಷನ್ನು, ಮಗಳ ಪರೀಕ್ಷೆ, ಮೈದುನನ ವೀಸಾ ಎಲ್ಲವೂ ಬಿಡಿಸಿ ಹೇಳಿಸಿಕೊಳ್ಳುತ್ತವೆ. ಮೂರು ತಿಂಗಳಿಂದ ಕೋಣೆ ಬಿಟ್ಟು ಬಾರದ ಮಗನ ಸಂಗತಿ ಮಾತ್ರ ‘ಮನೆಯದೊಂದು ವಿಷಯ ಇದೆ, ನೆನೆಸಿಕೊಳ್ಳಿ’ ಎನ್ನುವಲ್ಲಿಗೆ ನಿಂತುಬಿಡುತ್ತದೆ. ಸಾಕ್ಷಿ ಹೇಳುವುದೂ ಹಾಗೆಯೇ: ಕುಗ್ಗಿಹೋಗಿದ್ದೆ, ಕರ್ತನು ಎತ್ತಿದನು. ಸಂಕಟ ಮುಗಿದವರ ಕೈಗಷ್ಟೇ ಮೈಕು. ಈಗಲೂ ಕುಗ್ಗಿಯೇ ಇರುವವರು ಬೆಂಚಿನಲ್ಲಿ ಕೂತು ಹಾಡುತ್ತಾರೆ.

ಆ ಹಾಡುಗಳಲ್ಲಿ ಕೆಲವನ್ನು ಬರೆದವನೇ ಇಂಥವನೊಬ್ಬ. ವಿಲಿಯಂ ಕೂಪರ್, 1731ರಲ್ಲಿ ಹುಟ್ಟಿದ ಇಂಗ್ಲಿಷ್ ಕವಿ. ಹೆಸರಿನ ಅಕ್ಷರ ನೋಡಿದರೆ ‘ಕೌಪರ್’ ಅನ್ನಿಸುತ್ತದೆ, ಆದರೆ ಕರೆಯುತ್ತಿದ್ದುದು ಕೂಪರ್ ಎಂದೇ. ವಕೀಲಿ ಓದಿದವನು. 1763ರಲ್ಲಿ ಪಾರ್ಲಿಮೆಂಟಿನ ಮೇಲ್ಮನೆಯಲ್ಲಿ ಗುಮಾಸ್ತೆಯ ಹುದ್ದೆ ಸಿಗುವುದರಲ್ಲಿತ್ತು. ಅದಕ್ಕೆ ಮುಂಚೆ ದೊಡ್ಡವರೆದುರು ಪರೀಕ್ಷೆಗೆ ನಿಲ್ಲಬೇಕಿತ್ತು. ಆ ದಿಗಿಲಿಗೇ ಅವನು ಪ್ರಾಣ ಕಳೆದುಕೊಳ್ಳಲು ಹೊರಟ. ಬದುಕುಳಿದ. ಸೇಂಟ್ ಆಲ್ಬನ್ಸ್ ಊರಿನಲ್ಲಿ ಮನೋರೋಗಿಗಳನ್ನು ಇಟ್ಟುಕೊಂಡು ನೋಡುತ್ತಿದ್ದ ಡಾಕ್ಟರ್ ಕಾಟನ್‌ರ ಆರೈಕೆಯಲ್ಲಿ ಚೇತರಿಸಿಕೊಂಡ. ಅವನ ನಂಬಿಕೆ ಗಟ್ಟಿಯಾದದ್ದೂ ಅಲ್ಲಿಯೇ.

ಮುಂದೆ ಓಲ್ನಿ ಎಂಬ ಸಣ್ಣ ಊರಿಗೆ ಬಂದ. ಹಿಂದೆ ಗುಲಾಮರ ಹಡಗಿನ ಕಪ್ತಾನನಾಗಿದ್ದು ಆಮೇಲೆ ಬೋಧಕನಾದ ಜಾನ್ ನ್ಯೂಟನ್ ಅಲ್ಲಿದ್ದ. ಇಬ್ಬರ ಗೀತೆಗಳು ಸೇರಿ 1779ರಲ್ಲಿ ‘ಓಲ್ನಿ ಹಿಮ್ಸ್’ ಅಚ್ಚಾಯಿತು. 348 ಗೀತೆ; ಅದರಲ್ಲಿ ಅರವತ್ತಕ್ಕೂ ಮಿಕ್ಕಿ ಕೂಪರನವು.

ಆದರೆ ಪುಸ್ತಕ ಬರುವ ಹೊತ್ತಿಗೆ ಕೂಪರ್ ಚರ್ಚಿಗೆ ಹೋಗುವುದನ್ನು ಬಿಟ್ಟು ಆರು ವರ್ಷವಾಗಿತ್ತು. 1773ರ ಮೊದಲ ತಿಂಗಳುಗಳಲ್ಲಿ ಕಾಯಿಲೆ ಮರುಕಳಿಸಿತು. ನಿನ್ನ ಕತೆ ಮುಗಿಯಿತು, ನೀನು ನಾಶವಾದೆ ಎಂದು ಕನಸಿನಲ್ಲೊಂದು ದನಿ ಕೇಳಿತು. ಅದು ದೇವರ ತೀರ್ಪೇ ಎಂದುಕೊಂಡ. 1800ರಲ್ಲಿ ಸಾಯುವವರೆಗೂ ಆರಾಧನೆಗೆ ಕಾಲಿಡಲಿಲ್ಲ. ಲೋಕಕ್ಕೆಲ್ಲ ಕೃಪೆ ಉಂಟು, ತನ್ನೊಬ್ಬನಿಗಿಲ್ಲ ಎಂಬುದು ಅವನ ಲೆಕ್ಕ.

ಧರ್ಮವೇ ಅವನ ತಲೆ ಕೆಡಿಸಿತು ಎಂದವರಿದ್ದಾರೆ. ನಂಬಿಕೆ ಸಾಲದು ಎನ್ನುವವರು ಎಲ್ಲ ಕಾಲಕ್ಕೂ ಇರುತ್ತಾರೆ. ನನಗೆ ಎರಡೂ ಸರಿ ಕಾಣುವುದಿಲ್ಲ. ಈ ಕಾಯಿಲೆ ಮನೆಯಲ್ಲಿ ಕೈಗೆ ಸಿಕ್ಕ ಬಟ್ಟೆಯನ್ನೇ ಉಟ್ಟುಕೊಳ್ಳುತ್ತದೆ. ರೈತನಿಗೆ ಅದು ಸಾಲವಾಗಿ ಕಾಣಬಹುದು, ಹುಡುಗರಿಗೆ ಮಾರ್ಕ್ಸ್ ಆಗಿ. ಭಕ್ತನಿಗೆ ಶಾಪವಾಗಿ ಕಾಣುತ್ತದೆ. ವಚನ ಹೇಳಿ ವಾದಿಸಿದರೆ ಬಟ್ಟೆಯೊಂದಿಗೆ ಗುದ್ದಾಡಿದ ಹಾಗೆ.

ನ್ಯೂಟನ್ ವಾದಿಸಿರಲೂಬಹುದು, ಬೋಧಕನಲ್ಲವೇ! ಆದರೆ ಅವನು ಮಾಡಿದ ದೊಡ್ಡ ಕೆಲಸ ಬೇರೆ. ಕೂಪರನನ್ನು ತನ್ನ ಮನೆಯಲ್ಲೇ ವರ್ಷಕ್ಕೂ ಹೆಚ್ಚು ಕಾಲ ಇರಿಸಿಕೊಂಡ. ಮೇರಿ ಅನ್‌ವಿನ್ ಎಂಬ ವಿಧವೆ ಎಷ್ಟೋ ವರ್ಷ ಅವನನ್ನು ನೋಡಿಕೊಂಡಳು. 1774ರಲ್ಲಿ ಯಾರೋ ಕಾಡುಮೊಲದ ಮರಿಗಳನ್ನು ತಂದುಕೊಟ್ಟರು. ಮೂರು ಅವನ ಬಳಿ ಉಳಿದವು. ಅವಕ್ಕೆ ಗೂಡು ಮಾಡಲು ಬಡಗಿ ಕೆಲಸ ಹಿಡಿದ. ಪುಸ್ ಎಂಬ ಮೊಲ ಮೂರು ದಿನ ಕಾಯಿಲೆ ಬಿದ್ದಾಗ ಆರೈಕೆ ಮಾಡಿದ. ಗುಣವಾದ ಮೇಲೆ ಅದು ಅವನ ಕೈ ನೆಕ್ಕಿತಂತೆ: ಮೊದಲು ಕೈಯ ಹಿಂಬದಿ, ಆಮೇಲೆ ಅಂಗೈ, ಒಂದೊಂದೇ ಬೆರಳು, ಬೆರಳ ಸಂದಿಗಳನ್ನೂ ಬಿಡದೆ. ದೇವರು ತನ್ನನ್ನು ಕೈಬಿಟ್ಟನೆಂದು ನಂಬಿದ್ದ ಮನುಷ್ಯ ಇದನ್ನು ಪತ್ರಿಕೆಗೆ ಬರೆದು ಕಳಿಸಿದ.

ಕೂಪರ್ ಸತ್ತ ನೂರು ವರ್ಷದೊಳಗೆ ಲಂಡನ್ನಿನ ಹೆಸರಾಂತ ಪ್ರಸಂಗಿ ಸ್ಪರ್ಜನ್ ತನಗೆ ಖಿನ್ನತೆ ಇದೆಯೆಂದು ಬಾಯಿಬಿಟ್ಟು ಹೇಳಿದ. 1856ರಲ್ಲಿ ಅವನ ಸಭೆಯಲ್ಲಿ ಯಾರೋ ಬೆಂಕಿ ಎಂದು ಕೂಗಿ, ನೂಕುನುಗ್ಗಲಿನಲ್ಲಿ ಏಳು ಜನ ಸತ್ತರು. ಅವನಿಗಾಗ 22 ವರ್ಷ. ಆ ಪೆಟ್ಟು ಕೊನೆಯವರೆಗೂ ಮಾಯಲಿಲ್ಲ.

ಕ್ಯಾಥೊಲಿಕ್ ಸಭೆಯ 1917ರ ಕಾನೂನು, ತಿಳಿದೂ ತಿಳಿದು ಪ್ರಾಣ ಕಳೆದುಕೊಂಡವರಿಗೆ ಸಭೆಯ ಅಂತ್ಯಕ್ರಿಯೆ ಇಲ್ಲ ಎಂದಿತ್ತು. 1983ರ ಕಾನೂನಿನಲ್ಲಿ ಆ ಮಾತು ಇಲ್ಲ. ಕಾನೂನಿನ ಪುಸ್ತಕದಿಂದ ಹೋದದ್ದು ನಮ್ಮ ಮನೆಗಳಿಂದ ಇನ್ನೂ ಹೋಗಿಲ್ಲ. ಹಾಗೆ ಸತ್ತವರ ಬಗ್ಗೆ ‘ಹಾರ್ಟ್ ಅಟ್ಯಾಕ್’ ಎಂದೇ ಹೇಳಿಸುತ್ತಾರೆ. ನಿಮ್ಹಾನ್ಸ್ ಚೀಟಿ ಬೈಬಲಿನೊಳಗೆ ಅಡಗುತ್ತದೆ, ಮಾತ್ರೆ ನುಂಗಿದರೆ ವಿಶ್ವಾಸ ಕಡಿಮೆ ಎಂದು ಯಾರಾದರೂ ಅಂದಾರೆಂಬ ಹೆದರಿಕೆ. ಅದೇ ಜನ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಪ್ರೀತಿಭೋಜನದಲ್ಲಿ ಎಲ್ಲರೆದುರೇ ನುಂಗುತ್ತಾರೆ. ಆಸ್ಪತ್ರೆಗೆ ಹೋಗಲು ಹಿಂಜರಿಯುವವರು ಸರ್ಕಾರದ ಟೆಲಿಮಾನಸ್ ಸಂಖ್ಯೆಗೆ ಕರೆ ಮಾಡಬಹುದು: 14416. ಹಗಲಿರುಳೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಬೈಬಲಿನಲ್ಲೇ ಪ್ರವಾದಿ ಎಲೀಯ ಅಡವಿಯಲ್ಲೊಂದು ಗಿಡದ ಕೆಳಗೆ ಕೂತು ಸಾವು ಬೇಡಿದ ಪ್ರಸಂಗವಿದೆ. ಬಂದ ದೇವದೂತ ಗದರಿಸಲಿಲ್ಲ. ಎದ್ದು ಊಟ ಮಾಡು ಎಂದ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ಇದ್ದವು. ಎಲೀಯ ತಿಂದು ಮತ್ತೆ ಮಲಗಿದ. ದೂತ ಇನ್ನೊಮ್ಮೆ ಬಂದು, ಮೈ ತಟ್ಟಿ, ಮತ್ತೆ ಊಟಕ್ಕೆಬ್ಬಿಸಿದ.